ರಾತ್ರಿ ಸಮ್ಮೇಳನದಲ್ಲಿ ಕೇಳಿದ್ದು, ತೋಡಿನ ಬದಿಯಲ್ಲಿ ಕಂಡದ್ದು

ನಮ್ಮ ತೋಡಿಗೆ ಕಟ್ಟ ಹಾಕುವುದನ್ನು ನಿಲ್ಲಿಸುವುದೋ, ಮುಂದುವರಿಸುವುದೋ? 2024ರ ಮಳೆಗಾಲವಿಡೀ ನಮ್ಮಲ್ಲಿ ಇದೇ ಮಾತು. ಏಳು ಮನೆಯವರು ಸೇರಿ ಪ್ರತಿ ಡಿಸೆಂಬರಿನಲ್ಲಿ ಹಾಕುವ ಕಟ್ಟ ಇದು. ಅಜ್ಜನ ಕಾಲದಲ್ಲಿ ಕಲ್ಲು, ಮಣ್ಣು, ಸೊಪ್ಪಿನದ್ದು. ಈಗ ಮರಳು ತುಂಬಿದ ಗೋಣಿಯ ಸಾಲು, ಮುಂಭಾಗಕ್ಕೆ ಪ್ಲಾಸ್ಟಿಕ್ ಶೀಟು. ಅಗಲ ಮೂವತ್ತಾರು ಅಡಿ, ಎತ್ತರ ಐದಡಿ. ಮೊದಲೆಲ್ಲ ಏಪ್ರಿಲಿನ ಕೊನೆವರೆಗೂ ನೀರು ನಿಲ್ಲುತ್ತಿತ್ತು. ಮೂರು ವರ್ಷಗಳಿಂದ ಶಿವರಾತ್ರಿಗೇ ತಳ ಕಾಣುತ್ತಿತ್ತು. ಕಟ್ಟದಲ್ಲಿ ಹುಡುಕಿದರೆ ಒಂದು ತೂತಿಲ್ಲ. ನೀರು ಮಾತ್ರ ಇಲ್ಲ.

ಮೇಲಿನ ಮನೆಯ ಭಾವ ಬೋರಿಗೆ ಜಾಗ ನೋಡಿಸಿ ಆಗಿತ್ತು. "ವರ್ಷವೂ ಗೋಣಿ ಹೊತ್ತು ಸೊಂಟ ಮುರ್ಕೊಳ್ಳುದು ಯಾಕೆ ಮಾರಾಯ್ರೆ? ಇನ್ನು ನಂಗೆ ಆಗ್ಲಿಕ್ಕಿಲ್ಲ" ಎಂದರು. ಅವರದ್ದು ತಪ್ಪು ಅಂತ ಹೇಳುವಂತಿಲ್ಲ. ಆದರೆ ಒಬ್ಬರು ಬೋರು ಕೊರೆಸಿದರೆ ಪಕ್ಕದವರು ಎಷ್ಟು ದಿನ ಸುಮ್ಮನಿರುತ್ತಾರೆ? ಬೋರು ಆದವರು ಮತ್ತೆ ಕಟ್ಟಕ್ಕೆ ಬರುತ್ತಾರೆಯೇ? ಕೊನೆಗೆ ಉಳಿಯುವುದು ಬೋರಿಗೆ ದುಡ್ಡಿಲ್ಲದ ಎರಡು ಮನೆ. ಅದರಲ್ಲಿ ಒಂದು ನಮ್ಮದು.

ಆ ಹೊತ್ತಿಗೇ ಬೆಂಗಳೂರಿನಿಂದ ಮಗಳ ಫೋನು ಬಂತು. ಅವಳು ಟೀಚರು. ಸೃಜನಶೀಲತೆ, ಅಂದರೆ ಕ್ರಿಯೇಟಿವಿಟಿ, ಇದರ ಮೇಲೆ ಸಂಶೋಧನೆ ಮಾಡುವವರು ಮತ್ತು ಅದನ್ನು ಕೆಲಸದಲ್ಲಿ ಬಳಸುವವರು ಸೇರಿ ಇಂಟರ್‌ನೆಟ್ಟಿನಲ್ಲೇ ಒಂದು ಸಮ್ಮೇಳನ ಮಾಡುತ್ತಾರೆ, ಫೀಸಿಲ್ಲ, ಯಾರು ಬೇಕಾದರೂ ಕೇಳಬಹುದು, ನಿಮ್ಮ ಹೆಸರನ್ನೂ ಹಾಕಿದ್ದೇನೆ ಎಂದಳು. "ಅದು ಕವಿಗಳಿಗೆ, ಚಿತ್ರ ಬರೆಯುವವರಿಗೆ ಅಲ್ವಾ ಮಗಾ?" ಎಂದೆ. "ಅಪ್ಪ, ನೀವು ಹಳೆ ಸೈಕಲ್ ಪೆಡಲಿನಿಂದ ಅಡಿಕೆ ಜಾಲಿಸುವ ಯಂತ್ರ ಮಾಡಿದವರು. ಸುಮ್ಮನೆ ಕೂತು ಕೇಳಿ" ಎಂದಳು. ಆ ಯಂತ್ರ ಎರಡೇ ದಿನ ಓಡಿದ್ದು ಎಂಬುದನ್ನು ಅವಳು ಮರೆತಿದ್ದಾಳೆ, ನಾನು ನೆನಪಿಸಲಿಲ್ಲ.

ನಡೆಸುವವರು ಅಮೆರಿಕದವರು. ಅವರಿಗೆ ಮಧ್ಯಾಹ್ನವೆಂದರೆ ನಮಗೆ ರಾತ್ರಿ ಒಂಬತ್ತೂವರೆ. ಎರಡು ರಾತ್ರಿ, ಒಂದು ಗಂಟೆವರೆಗೆ. ಜಗಲಿಯ ಬಲಮೂಲೆಯಲ್ಲಿ ಮಾತ್ರ ನಮಗೆ ಸಿಗ್ನಲ್ ಸರಿ ಸಿಗುವುದು. ಸೊಳ್ಳೆಗೆ ಹೊಗೆ ಹಾಕಿ ಅಲ್ಲೇ ಕೂತೆ. "ನಡುರಾತ್ರಿ ಯಾರ ಹತ್ರ ಎಂತ ಮಾತಾಡುದು ನೀವು?" ಎಂದು ಮನೆಯವಳು ಎರಡು ಸಲ ಬಂದು ಇಣುಕಿದಳು. ನನ್ನ ಇಂಗ್ಲಿಷು ಗೊಬ್ಬರದ ಚೀಲದ ಮೇಲಿನದ್ದನ್ನು ಓದುವಷ್ಟು. ಪರದೆಯ ಕೆಳಗೆ ಮಾತು ಅಕ್ಷರವಾಗಿ ಬರುತ್ತಿದ್ದುದರಿಂದ ಹೇಗೋ ಆಯಿತು. ಅರ್ಥವಾಗದ್ದನ್ನು ಬರೆದಿಟ್ಟು ಮರುದಿನ ಮಗಳಲ್ಲಿ ಕೇಳಿದೆ.

ಮೊದಲೇ ಹೇಳಿಬಿಡುತ್ತೇನೆ. ಕೇಳಿದ್ದರಲ್ಲಿ ಮೂರರಲ್ಲಿ ಎರಡು ಪಾಲು ನಮ್ಮಂಥವರಿಗೆ ಅಲ್ಲ. ಕಂಪೆನಿಯ ಮೀಟಿಂಗಿನಲ್ಲಿ ಜನರನ್ನು ಹುರಿದುಂಬಿಸುವುದು ಹೇಗೆ, ಬಣ್ಣದ ಚೀಟಿ ಗೋಡೆಗೆ ಅಂಟಿಸುವುದು ಹೇಗೆ ಎಂಬಂಥದ್ದು. ಒಬ್ಬರು ಎಲ್ಲರೂ ಕಣ್ಣು ಮುಚ್ಚಿ ಮೋಡವಾಗಿ ಎಂದರು. ನಾನು ಕಣ್ಣು ಮುಚ್ಚಿ ನಿದ್ದೆ ಹೋದೆ. ಉಳಿದ ಒಂದು ಪಾಲು ಮಾತ್ರ ನಿದ್ದೆ ಬಿಡಿಸಿತು. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿರುವುದು.

ಇದು ಹಳೆಯ ಶಾಸ್ತ್ರವೇನಲ್ಲ. 1950ರಲ್ಲಿ ಜೆ.ಪಿ. ಗಿಲ್ಫರ್ಡ್ ಎಂಬವರು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘಕ್ಕೆ ಅಧ್ಯಕ್ಷರಾಗಿ ಭಾಷಣ ಮಾಡಿದ್ದರಂತೆ. ಹಿಂದಿನ 23 ವರ್ಷಗಳಲ್ಲಿ ಪಟ್ಟಿಯಾದ ಸುಮಾರು 1,21,000 ಮನಶ್ಶಾಸ್ತ್ರ ಬರಹಗಳಲ್ಲಿ ಈ ವಿಷಯಕ್ಕೆ ಸಂಬಂಧಿಸಿದ್ದು 186 ಮಾತ್ರ ಎಂದು ಅವರು ತೋರಿಸಿದರು. ಅಲ್ಲಿಂದ ಮುಂದೆ ಇದರ ಅಧ್ಯಯನ ಜೋರಾಯಿತು. ಇವರು ಸೃಜನಶೀಲತೆ ಎನ್ನುವುದು ಯಾವುದನ್ನು? 1953ರಲ್ಲಿ ಮೋರಿಸ್ ಸ್ಟೈನ್ ಎಂಬವರು ಹೇಳಿದ್ದು ಇವತ್ತಿಗೂ ನಡೆಯುತ್ತದೆ. ಅದು ಹೊಸತಾಗಿರಬೇಕು, ಯಾವುದೋ ಒಂದು ಕಾಲದಲ್ಲಿ ಒಂದು ಗುಂಪಿನ ಜನ ಅದು ಪ್ರಯೋಜನದ್ದು ಎಂದು ಒಪ್ಪಬೇಕು. ಇಷ್ಟೇ. ಕವಿತೆಯೇ ಆಗಬೇಕೆಂದಿಲ್ಲ. ದೋಟಿಯ ಕತ್ತಿಗೆ ಹೊಸ ಬಾಗು ಕೊಟ್ಟವನೂ ಬಂದ, ಕೊಟ್ಟಿಗೆಯ ಗಂಜಳದ ಓಣಿಯನ್ನು ತಿರುಗಿಸಿ ತೋಟಕ್ಕೆ ಬಿಟ್ಟವಳೂ ಬಂದಳು.

ಗಿಲ್ಫರ್ಡ್ ಅವರದ್ದೇ ಒಂದು ಪರೀಕ್ಷೆ ಉಂಟು. ಇಟ್ಟಿಗೆಯಿಂದ ಮನೆ ಕಟ್ಟುವುದಲ್ಲದೆ ಇನ್ನೇನು ಮಾಡಬಹುದು, ನಿಮಿಷದ ಲೆಕ್ಕದಲ್ಲಿ ಎಷ್ಟು ಹೇಳುತ್ತೀರಿ ನೋಡುವಾ ಎಂದು. ಸಮ್ಮೇಳನದಲ್ಲಿ ನಮ್ಮಿಂದಲೂ ಮಾಡಿಸಿದರು. ನನಗೆ ಐದು ಹೊಳೆಯಿತು. ಮರುದಿನ ಬೆಳಿಗ್ಗೆ ಇಟ್ಟಿಗೆಯ ಬದಲು ಅಡಿಕೆ ಹಾಳೆ ಎಂದು ಮನೆಯವಳಲ್ಲಿ ಕೇಳಿದೆ. ದೋಸೆ ಹೊಯ್ಯುತ್ತಲೇ ಹೇಳಿದಳು: ಮುಟ್ಟಾಳೆ, ಊಟದ ಬಟ್ಟಲು, ಬೀಸಣಿಗೆ, ಎಳೆ ಶಿಶುವನ್ನು ಮಲಗಿಸಿ ಮೀಯಿಸಲಿಕ್ಕೆ, ಕಣಿಯ ನೀರನ್ನು ಬುಡಕ್ಕೆ ಎರಚಲಿಕ್ಕೆ, ಹುಣಸೆಹಣ್ಣು ಕಟ್ಟಿಡಲಿಕ್ಕೆ, ಕಸ ತುಂಬಲಿಕ್ಕೆ, ದನಕ್ಕೆ, ಮಕ್ಕಳಿಗೆ ಕೂತು ಎಳೆಸಿಕೊಳ್ಳಲಿಕ್ಕೆ, ಒಲೆ ಹೊತ್ತಿಸಲಿಕ್ಕೆ, ಕೋಳಿಯನ್ನು ಓಡಿಸಲಿಕ್ಕೆ... ದೋಸೆ ತಿರುಗಿಸುವುದರೊಳಗೆ ಹದಿನೇಳಾಯಿತು. ವಸ್ತುವಿನೊಟ್ಟಿಗೆ ಬದುಕಿದವರಿಗೆ ಹೊಳೆಯುವುದೇ ಬೇರೆ. ಈ ಮಾತು ಮುಂದೆ ಬೇಕಾಗುತ್ತದೆ.

ಗುಂಪಿನಲ್ಲಿ ಮಾತಾಡುವುದರ ಕಥೆ

ಒಟ್ಟಿಗೆ ಕೂತು ತೋಚಿದ್ದನ್ನೆಲ್ಲ ಹೇಳುವ ಕ್ರಮಕ್ಕೆ ಬ್ರೈನ್‌ಸ್ಟಾರ್ಮಿಂಗ್ ಎನ್ನುತ್ತಾರೆ. ಇದನ್ನು ಪ್ರಚಾರಕ್ಕೆ ತಂದವರು ಅಲೆಕ್ಸ್ ಆಸ್ಬಾರ್ನ್, ಜಾಹೀರಾತು ಕಂಪೆನಿಯವರು. 1953ರಲ್ಲಿ ಅವರು ಬರೆದ ಪುಸ್ತಕ ಬಹಳ ಹೆಸರು ಮಾಡಿತು. ಗುಂಪಿನಲ್ಲಿದ್ದರೆ ಒಬ್ಬೊಬ್ಬನಿಗೂ ಎರಡು ಪಟ್ಟು ಹೊಳೆಯುತ್ತದೆ ಎಂಬುದು ಅವರ ವಾದ. ಕೇಳಲಿಕ್ಕೆ ಚೆಂದ.

ಐದು ವರ್ಷ ಕಳೆದು, 1958ರಲ್ಲಿ, ಯೇಲ್ ವಿಶ್ವವಿದ್ಯಾಲಯದ ಟೇಲರ್, ಬೆರ್ರಿ, ಬ್ಲಾಕ್ ಎಂಬ ಮೂವರು ಇದನ್ನು ತೂಗಿ ನೋಡಿದರು. ನಾಲ್ಕು ನಾಲ್ಕು ಜನರ ಗುಂಪು ಮಾಡಿ ಒಟ್ಟಿಗೆ ಯೋಚಿಸಲು ಬಿಟ್ಟರು. ಬೇರೆ ಕೆಲವರನ್ನು ಒಬ್ಬೊಬ್ಬರನ್ನೇ ಕೂರಿಸಿ ಅದೇ ಪ್ರಶ್ನೆ ಕೊಟ್ಟರು. ಆಮೇಲೆ ಒಂಟಿಯಾಗಿ ಕೂತ ನಾಲ್ವರ ಉತ್ತರಗಳನ್ನು ಒಟ್ಟು ಸೇರಿಸಿ, ಒಂದೇ ಬಗೆಯದ್ದನ್ನು ಒಂದು ಸಲ ಮಾತ್ರ ಲೆಕ್ಕ ಹಿಡಿದು, ಗುಂಪಿನೊಟ್ಟಿಗೆ ಹೋಲಿಸಿದರು. ಒಂಟಿಯಾಗಿ ಕೂತವರದ್ದೇ ಹೆಚ್ಚು, ಒಳ್ಳೆಯದೂ ಅವರಲ್ಲೇ ಹೆಚ್ಚು.

ಯಾಕೆ ಹೀಗೆ? 1987ರಲ್ಲಿ ಜರ್ಮನಿಯ ಡೀಲ್ ಮತ್ತು ಸ್ಟ್ರೋಬೆ ಇದನ್ನು ಬಿಡಿಸಿ ನೋಡಿದರು. ನಾಚಿಕೆಯೋ, ಬೇರೆಯವರು ಹೇಳಲಿ ಎಂಬ ಉದಾಸೀನವೋ? ಅದೂ ಸ್ವಲ್ಪ ಇರಬಹುದು. ದೊಡ್ಡ ಕಾರಣ ತೀರಾ ಸಾದಾ. ಒಬ್ಬ ಮಾತಾಡುವಾಗ ಉಳಿದವರು ಕಾಯಬೇಕು. ಕಾಯುವಷ್ಟರಲ್ಲಿ ಹೇಳಬೇಕೆಂದದ್ದು ಮರೆತುಹೋಗುತ್ತದೆ, ಅಥವಾ ಈಗ ಬೇಡ ಅನಿಸುತ್ತದೆ, ಹೊಸತು ಹುಟ್ಟಲಿಕ್ಕೂ ತಲೆಗೆ ಪುರುಸೊತ್ತಿಲ್ಲ.

ಇದನ್ನು ಕೇಳುವಾಗ ನನಗೆ ನಮ್ಮ ಕಟ್ಟದ ಸಭೆ ಕಣ್ಣಿಗೆ ಕಟ್ಟಿತು. ಚಾವಡಿಯಲ್ಲಿ ಹದಿನಾಲ್ಕು ಜನ. ಮಾತಾಡುವವರು ಮೂವರು, ಆ ಮೂವರಲ್ಲಿ ನಾನೂ ಒಬ್ಬ. ಉಳಿದವರು ಎಲೆ ಅಡಿಕೆ ಹಾಕಿ, ಗಡಿಯಾರ ನೋಡಿ, "ನೀವು ಹೇಳಿದ ಹಾಗೆ" ಎಂದು ಎದ್ದುಹೋಗುವುದು. ಗೋಣಿ ಹೊತ್ತು ಕಟ್ಟ ಹಾಕುವ ನಾಲ್ಕು ಜನ ಕೆಲಸದವರು ಆ ಸಭೆಗೇ ಇಲ್ಲ.

ಮದ್ದೂ ಇದೆ. ಡೆಲ್‌ಬೆಕ್ ಮತ್ತು ವ್ಯಾನ್ ಡಿ ವೆನ್ ಎಂಬವರು 1971ರಲ್ಲಿ ಒಂದು ಕ್ರಮ ಬರೆದಿಟ್ಟಿದ್ದಾರೆ. ಎಲ್ಲರೂ ಒಂದೇ ಕಡೆ ಕೂರುವುದು, ಮೊದಲು ಮಾತಿಲ್ಲದೆ ತಂತಮ್ಮಷ್ಟಕ್ಕೆ ಬರೆಯುವುದು. ಆಮೇಲೆ ಸರದಿಯಲ್ಲಿ ಒಂದೊಂದೇ ಓದುವುದು, ಓದುವಾಗ ಯಾರೂ ಟೀಕೆ ಮಾಡಬಾರದು. ನಂತರ ಚರ್ಚೆ, ಕೊನೆಗೆ ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಅಂಕ ಹಾಕುವುದು. ಖರ್ಚು ಒಂದು ಕಾಗದ, ಒಂದು ಪೆನ್ನು.

ಎರಡನೇ ರಾತ್ರಿ ಒಂದು ತಮಾಷೆ ಆಯಿತು. 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಬ್ರಕ್ಸ್ ಮತ್ತು ಲೆವಾವ್ ಅವರ ಸಂಶೋಧನೆಯ ಮಾತು ಬಂತು. ಇಬ್ಬಿಬ್ಬರ ಜೋಡಿ ಮಾಡಿ, ಕೆಲವು ಜೋಡಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದರು, ಕೆಲವನ್ನು ವೀಡಿಯೋ ಕರೆಯಲ್ಲಿ. ಎಸೆದು ಆಡುವ ಫ್ರಿಸ್ಬೀ ತಟ್ಟೆಗೆ ಅಥವಾ ಗುಳ್ಳೆ ಗುಳ್ಳೆಯ ಪ್ಯಾಕಿಂಗ್ ಪ್ಲಾಸ್ಟಿಕ್ಕಿಗೆ ಹೊಸ ಉಪಯೋಗ ಹುಡುಕಿ ಎಂದರು. ಒಟ್ಟಿಗೆ ಕೂತವರಿಗೆ ಹೆಚ್ಚು ಹೊಳೆಯಿತು. ಐದು ದೇಶಗಳ ಕಂಪೆನಿ ಇಂಜಿನಿಯರುಗಳು 1,490 ಮಂದಿಯ ಮೇಲೂ ಪ್ರಯೋಗ ಮಾಡಿದರು, ಅದರಲ್ಲಿ ನಮ್ಮ ದೇಶದವರೂ ಇದ್ದರು. ಅಲ್ಲೂ ಹಾಗೆಯೇ. ಅವರು ಕೊಟ್ಟ ಕಾರಣ ನನಗೆ ಬಹಳ ಹಿಡಿಸಿತು. ವೀಡಿಯೋದಲ್ಲಿ ಕಣ್ಣು ಪರದೆಗೇ ಕಟ್ಟಿಬಿದ್ದಿರುತ್ತದೆ. ಕೋಣೆಯಲ್ಲಿದ್ದವರ ಕಣ್ಣು ಅತ್ತ ಇತ್ತ ಅಲೆಯುತ್ತದೆ, ಅಲ್ಲಿಟ್ಟ ವಸ್ತುಗಳ ಮೇಲೆ ಬೀಳುತ್ತದೆ. ಕಣ್ಣು ಅಲೆದರೆ ಯೋಚನೆಯೂ ಅಲೆಯುತ್ತದೆ. ಬಂದ ಯೋಚನೆಗಳಲ್ಲಿ ಒಳ್ಳೆಯದನ್ನು ಆರಿಸುವ ಕೆಲಸಕ್ಕೆ ಮಾತ್ರ ವೀಡಿಯೋ ಏನೂ ಕಡಿಮೆಯಾಗಲಿಲ್ಲವಂತೆ.

ಇದನ್ನು ವೀಡಿಯೋ ಸಮ್ಮೇಳನದಲ್ಲೇ ಹೇಳಿದರಲ್ಲ! ಹೇಳಿದವರೂ ನಕ್ಕರು. ನಾನು ತಲೆ ಎತ್ತಿ ಅಂಗಳ ನೋಡಿದೆ. ಕತ್ತಲೆ.

ಮತ್ತೊಂದು ವಿಷಯ ಇಂಗ್ಲೆಂಡಿನ ಗ್ರಹಾಂ ವಾಲಸ್ 1926ರಲ್ಲಿ ಬರೆದದ್ದು. ಹೊಸತು ಹೊಳೆಯುವುದಕ್ಕೆ ನಾಲ್ಕು ಹಂತವಂತೆ. ಮೊದಲು ವಿಷಯವನ್ನು ಅಗೆದು ನೋಡುವುದು, ಮತ್ತೆ ಅದನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋಗುವುದು, ಅಲ್ಲೆಲ್ಲೋ ಫಕ್ಕನೆ ಹೊಳೆಯುವುದು, ಕೊನೆಗೆ ಅದು ಸರಿಯೋ ಎಂದು ಪರೀಕ್ಷೆ ಮಾಡುವುದು. ವಾಲಸ್ ಇದಕ್ಕೆ ಆಧಾರವಾಗಿ ಹಿಡಿದದ್ದು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ತಮ್ಮ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಹೇಳಿದ ಮಾತು. ಅವರಿಗೆ ಒಳ್ಳೆಯ ಯೋಚನೆಗಳು ಬರುತ್ತಿದ್ದುದು ಬಿಸಿಲಿನ ದಿನ ಕಾಡುಗುಡ್ಡವನ್ನು ನಿಧಾನವಾಗಿ ಹತ್ತುವಾಗ, ಮೇಜಿನ ಎದುರು ಅಲ್ಲ. ಒಂದು ತೊಟ್ಟು ಮದ್ಯ ಒಳಗೆ ಹೋದರೆ ಅವು ಹೆದರಿ ಓಡುತ್ತಿದ್ದವಂತೆ. ಈ ಕೊನೆಯ ಮಾತನ್ನು ನಾನು ಊರಲ್ಲಿ ಇಬ್ಬರಿಗೆ ಹೇಳಿದೆ. ಇಬ್ಬರೂ ಈಗ ನನ್ನೊಡನೆ ಸರಿ ಮಾತಾಡುವುದಿಲ್ಲ.

ಪಂಪುಶೆಡ್ಡಿನ ಬಳಿ

ಸಮ್ಮೇಳನ ಮುಗಿದದ್ದು ಸೆಪ್ಟೆಂಬರಿನಲ್ಲಿ. ಅಕ್ಟೋಬರಿನ ಒಂದು ಭಾನುವಾರ ಸಭೆ ಕರೆದೆ. ಚಾವಡಿಯಲ್ಲಿ ಬೇಡ, ವಾಟ್ಸಾಪಿನಲ್ಲಂತೂ ಬೇಡವೇ ಬೇಡ, ತೋಡಿನ ಬದಿಯ ಪಂಪುಶೆಡ್ಡಿನ ಹತ್ತಿರ ಕೂರುವ ಎಂದೆ. ಕಣ್ಣು ಅಲೆಯಲಿ ಎಂದು. ಕೆಲಸದ ನಾಲ್ವರನ್ನೂ ಕರೆದೆ. "ಅವ್ರು ಎಂತಕ್ಕೆ? ನಾವು ಹೇಳಿದ್ದನ್ನು ಮಾಡುವವರು ಅಲ್ವಾ?" ಎಂದು ಒಬ್ಬರು ಕೇಳಿದರು. ಗೋಣಿ ಎಲ್ಲಿ ಜಾರುತ್ತದೆಂದು ನಮಗಿಂತ ಅವರಿಗೆ ಗೊತ್ತು ಎಂದೆ. ಅವರು ಮತ್ತೆ ಮಾತಾಡಲಿಲ್ಲ. ಒಪ್ಪಿದರೆಂದು ಅರ್ಥವಲ್ಲ.

ಹಳೆ ಕ್ಯಾಲೆಂಡರು ಹರಿದು ಹಿಂಬದಿಯಲ್ಲಿ ಬರೆಯಲು ಚೀಟಿ ಮಾಡಿದ್ದೆ. ಪ್ರಶ್ನೆ ಒಂದೇ: ಫೆಬ್ರವರಿಯ ನಂತರ ಕಟ್ಟದಲ್ಲಿ ನೀರು ಉಳಿಯಬೇಕಾದರೆ ಏನು ಮಾಡಬೇಕು? ಹತ್ತು ನಿಮಿಷ ಮಾತಿಲ್ಲ, ಹೆಸರು ಹಾಕಬೇಕೆಂದಿಲ್ಲ, ಎಷ್ಟು ಬೇಕಾದರೂ ಬರೆಯಬಹುದು. ಬರೆಯಲು ಬಾರದವರಿಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಕೂರಿಸಿದೆವು. ಅವಳ ಕಿವಿಯಲ್ಲಿ ಹೇಳಿದರೆ ಬರೆಯುತ್ತಾಳೆ. ಆ ಹತ್ತು ನಿಮಿಷ ಸುಮ್ಮನಿರುವುದು ನನಗೇ ಎಲ್ಲರಿಗಿಂತ ಕಷ್ಟವಾಯಿತು. ಎರಡು ಸಲ ಬಾಯಿ ತೆರೆದು ಮುಚ್ಚಿದೆ.

ಚೀಟಿ ಮೂವತ್ತೊಂದು ಬಂತು. ಹಿಂದಿನ ಯಾವ ಸಭೆಯಲ್ಲೂ ನಾಲ್ಕೈದು ಸಲಹೆಗಿಂತ ಹೆಚ್ಚು ಕಂಡವರಿಲ್ಲ. ಒಂದೇ ರೀತಿಯದ್ದನ್ನು ಒಂದರ ಮೇಲೆ ಒಂದು ಇಟ್ಟಾಗ ಹನ್ನೆರಡು ಬಗೆ ಆಯಿತು. ದಪ್ಪದ ಶೀಟು ತರುವುದು, ಸರಕಾರಕ್ಕೆ ಕಿಂಡಿ ಅಣೆಕಟ್ಟಿಗೆ ಅರ್ಜಿ ಹಾಕುವುದು, ಪಂಪು ನಡೆಸುವುದಕ್ಕೆ ಸರದಿ ಮಾಡುವುದು, ಸ್ಪ್ರಿಂಕ್ಲರು ಬಿಟ್ಟು ಹನಿ ನೀರಾವರಿ, ಮೇಲೊಂದು ಸಣ್ಣ ಕಟ್ಟ... ಪಂಪಿನ ಸರದಿಯ ಚೀಟಿ ಓದುವಾಗ ಎಲ್ಲರೂ ಒಬ್ಬರ ಮುಖ ನೋಡಿದರು. ಅದು ಬೇರೆ ಕಥೆ, ಇಲ್ಲಿ ಬೇಡ.

ಹುಡುಗಿ ಓದಿದ ಒಂದು ಚೀಟಿ ಹೀಗಿತ್ತು: "ಎಡದ ದಂಡೆಯಲ್ಲಿ ಡೆಂಜಿಯ ಮಾಟೆ ತುಂಬ ಉಂಟು. ನೀರು ಅಲ್ಲಿಂದ ಹೋಗುತ್ತದೆ." ಡೆಂಜಿ ಎಂದರೆ ಏಡಿ, ಮಾಟೆ ಎಂದರೆ ಬಿಲ. ನಗು ಎದ್ದಿತು. ಓದುವಾಗ ಟೀಕೆ ಇಲ್ಲ ಎಂದು ನಿಯಮ ಮಾಡಿದ್ದೆವು, ನಗಬಾರದು ಎಂದು ಮಾಡಲು ಮರೆತಿದ್ದೆವು.

ಅಂಕಕ್ಕೆ ಒಬ್ಬೊಬ್ಬರಿಗೆ ಐದು ಹುಣಸೆ ಬೀಜ. ಇಷ್ಟವಾದ ಚೀಟಿಯ ಮೇಲೆ ಇಡುವುದು. ದಪ್ಪ ಶೀಟಿಗೆ ರಾಶಿ ಬಿತ್ತು. ಏಡಿಯ ಚೀಟಿಗೆ ಎರಡು ಬೀಜ. ನನ್ನದು ಅದರಲ್ಲಿ ಇರಲಿಲ್ಲ, ಸುಳ್ಳು ಹೇಳುವುದು ಯಾಕೆ?

ದಪ್ಪ ಶೀಟು ಎಂದು ತೀರ್ಮಾನ ಬರೆದು ಎದ್ದೆವು. ಆದರೂ ಸಮ್ಮೇಳನದಲ್ಲಿ ಕೇಳಿದ್ದ 'ಬಿಟ್ಟಿಡುವ' ಮಾತು ನೆನಪಿತ್ತು. ಒಂದು ವಾರ ಕಳೆದು ಶೀಟಿಗೆ ಹಣ ಕೂಡಿಸುವ ಎಂದೆ. ಮೂರನೇ ದಿನ ಬೆಳಿಗ್ಗೆ ಹಾಲು ಕರೆಯುವಾಗ ಫಕ್ಕನೆ ನೆನಪಾಯಿತು. ಕಟ್ಟದಿಂದ ಕೆಳಗೆ, ಎಡಬದಿಯ ತೋಟದ ಕಣಿಯಲ್ಲಿ ಜನವರಿಯಲ್ಲೂ ಒಸರು ಇತ್ತಲ್ಲ! ಮೂರು ವರ್ಷದಿಂದ ಆ ಒಸರು ಕಂಡು ನಾನು ಸಂತೋಷಪಟ್ಟಿದ್ದೆ. ಇಂಗಿಸಿದ ಮಳೆನೀರು ಫಲ ಕೊಡುತ್ತಿದೆ ಎಂದು ಬಂದವರಿಗೆಲ್ಲ ತೋರಿಸಿದ್ದೆ ಕೂಡ. ಅದು ನಮ್ಮ ಕಟ್ಟದ ನೀರೇ ಆಗಿದ್ದರೆ?

ಚೀಟಿ ಯಾರದ್ದೆಂದು ಹುಡುಗಿಯಲ್ಲಿ ಕೇಳಿದೆ. ಹೆಸರು ಹೇಳಬಾರದೆಂದು ನೀವೇ ಹೇಳಿದ್ದಲ್ವಾ ಎಂದಳು. ಕೇಳುವ ಅಗತ್ಯವೂ ಇರಲಿಲ್ಲ. ಆ ತೋಡಿನಲ್ಲಿ ಏಡಿ ಹಿಡಿಯುವವರು ಒಬ್ಬರೇ. ಮೂವತ್ತು ವರ್ಷಗಳಿಂದ ನಮ್ಮ ತೋಟಗಳಿಗೆ ಸೊಪ್ಪು ಹೊರಲು, ಅಡಿಕೆ ಹೆಕ್ಕಲು ಬರುವ ಅಕ್ಕ. ಸಭೆಯಲ್ಲೂ ದೂರದ ತೆಂಗಿನ ಬುಡದಲ್ಲಿ ನಿಂತೇ ಇದ್ದರು, ಕೂತಿರಲಿಲ್ಲ.

"ಮಾಟೆ ತೋರಿಸ್ತೀರಾ ಅಕ್ಕ?" ಎಂದೆ. "ನೀವು ನಗುದಿಲ್ಲಾಂದ್ರೆ ತೋರಿಸ್ತೇನೆ ಅಣ್ಣೇರೆ" ಎಂದರು.

ದಂಡೆಯ ಹುಲ್ಲು ಸರಿಸಿದರೆ ಹತ್ತು ಹೆಜ್ಜೆಯೊಳಗೆ ಇಪ್ಪತ್ತಕ್ಕೂ ಹೆಚ್ಚು ಬಿಲ. ಕೆಲವಕ್ಕೆ ನನ್ನ ಮುಷ್ಟಿ ಹೋಗುತ್ತದೆ. ತೆಂಗಿನ ಗರಿಯ ಕಡ್ಡಿ ಹಾಕಿದರೆ ಪೂರ್ತಿ ಒಳಗೆ. ಬಲದಂಡೆ ಬಂಡೆ, ಅಲ್ಲಿ ಒಂದೂ ಇಲ್ಲ. ಎಡಬದಿಯದ್ದು ಮೊದಲು ಗದ್ದೆಯ ಹುಣಿ ಆಗಿತ್ತು, ಮೆತ್ತನೆ ಮಣ್ಣು. ಗದ್ದೆ ಇದ್ದಾಗ ವರ್ಷವೂ ಹುಣಿ ಕೆತ್ತಿ ಕೆಸರು ಮೆತ್ತುತ್ತಿದ್ದರು. ಗದ್ದೆ ತೋಟವಾದ ಮೇಲೆ ಆ ಕೆಲಸ ನಿಂತಿತು. ಏಡಿಗಳಿಗೆ ಯಾರೂ ತೊಂದರೆ ಕೊಡಲಿಲ್ಲ.

ಪರೀಕ್ಷೆ ಆಗಬೇಕಲ್ಲ, ವಾಲಸ್‌ನ ನಾಲ್ಕನೇ ಹಂತ. ಎರಡು ಕೊಡಪಾನ ಸೆಗಣಿ ನೀರು ತಂದು ದೊಡ್ಡ ಬಿಲವೊಂದಕ್ಕೆ ಹೊಯ್ದೆವು. ಏನೂ ಆಗಲಿಲ್ಲ. ಮತ್ತೆ ನಾಲ್ಕು ಕೊಡಪಾನ. ನಾನು ಬೀಡಿ ಸೇದುವವನಲ್ಲ, ಸೇದುವವನಾಗಿದ್ದರೆ ಒಂದು ಬೀಡಿ ಮುಗಿಯುವಷ್ಟು ಹೊತ್ತು. ಕೆಳಗಿನ ಕಣಿಯಲ್ಲಿ ನಿಂತಿದ್ದ ಹುಡುಗಿ ಕೂಗಿದಳು: "ಹಸುರು ಬಂತು, ಹಸುರು ಬಂತು!" ನಾನು ಹೋಗಿ ನೋಡಿದೆ. ಮೂರು ವರ್ಷ ಎಲ್ಲರಿಗೂ ತೋರಿಸಿದ ನನ್ನ ಒಸರು ಸೆಗಣಿಯ ಬಣ್ಣದಲ್ಲಿ ಹರಿಯುತ್ತಿತ್ತು.

ಆ ಸಂಜೆಯೇ ಭಾವನನ್ನು ಕರೆದು ತೋರಿಸಿದೆ. ಬಹಳ ಹೊತ್ತು ಮಾತಾಡಲಿಲ್ಲ. ಬೋರು ಒಂದು ವರ್ಷ ಮುಂದೆ ಹಾಕುತ್ತೇನೆ ಎಂದರು. ರದ್ದು ಮಾಡುತ್ತೇನೆ ಎನ್ನಲಿಲ್ಲ.

ಪರಿಹಾರ ಸುಲಭದ್ದಾಗಿರಲಿಲ್ಲ. ಕಟ್ಟವನ್ನೇ ಮೇಲೆ, ಎರಡೂ ಕಡೆ ಬಂಡೆ ಇರುವಲ್ಲಿಗೆ ಸರಿಸುವ ಎಂದು ನಾನು ಹೇಳಿದೆ. ಸರಿಸಿದರೆ ಕೆಳಮನೆಯ ಮಾವನ ಬಾವಿಯ ಹತ್ತಿರ ನೀರು ನಿಲ್ಲುವುದಿಲ್ಲ. ಅವರು ಸಿಟ್ಟಾದದ್ದು ನ್ಯಾಯವೇ. ಕೊನೆಗೆ ಎರಡು ಚೀಟಿ ಒಂದಾಯಿತು. ದಪ್ಪ ಶೀಟಿನ ಬದಲು ಉದ್ದ ಶೀಟು. ಕಟ್ಟದ ಎಡತುದಿಯಿಂದ ಮೇಲಕ್ಕೆ, ದಂಡೆಗುಂಟ ಮೂವತ್ತಡಿ, ಎರಡಡಿ ಆಳದ ಕಣಿ ತೋಡಿದೆವು. ಶೀಟಿನ ಅಂಚನ್ನು ಕಣಿಯೊಳಗೆ ಇಳಿಸಿ, ಅಂಟು ಮಣ್ಣು ತುಂಬಿ ತುಳಿದೆವು. ಮೇಲಿನ ಭಾಗವನ್ನು ದಂಡೆಗೆ ಹಾಸಿ ಗೋಣಿ ಹೇರಿದೆವು. ಅದಕ್ಕೂ ಮೊದಲು ಕಾಣುವ ಬಿಲಗಳಿಗೆಲ್ಲ ಮಣ್ಣಿನ ಉಂಡೆ ಜಡಿದದ್ದು ಅಕ್ಕ ಮತ್ತು ಅವರ ಸೊಸೆ. "ಡೆಂಜಿ ಎಲ್ಲ ಹೋದ್ರೆ ಸಾರಿಗೆ ನಾನು ಎಂತ ಮಾಡ್ಲಿ?" ಎಂದು ಕೇಳಿದರು. ತಮಾಷೆಗೆ ಕೇಳಿದ್ದೋ ನಿಜಕ್ಕೋ ನನಗೆ ಇನ್ನೂ ಗೊತ್ತಿಲ್ಲ.

ಡಿಸೆಂಬರ್ 2024ರಲ್ಲಿ ಹಾಕಿದ ಆ ಕಟ್ಟದಲ್ಲಿ 2025ರ ಏಪ್ರಿಲ್ ಎರಡನೇ ವಾರದವರೆಗೆ ನೀರು ನಿಂತಿತು. ಹಳೆಯ ಕಾಲದಷ್ಟು ಆಗಲಿಲ್ಲ, ಮೊದಲಿನ ವರ್ಷಕ್ಕಿಂತ ಒಂದೂವರೆ ತಿಂಗಳು ಹೆಚ್ಚು. ಮಾರ್ಚಿನಲ್ಲಿ ಶೀಟು ಮುಗಿಯುವಲ್ಲಿ ಏಡಿಗಳು ಹೊಸ ದಾರಿ ಮಾಡಿದ್ದವು. ಅದನ್ನು ಕಂಡುಹಿಡಿದದ್ದೂ ಅಕ್ಕನೇ. ನಾರು, ಅಂಟು ಮಣ್ಣು ಸೇರಿಸಿ ಮುಚ್ಚಿದರು.

ಇನ್ನೊಂದು ಮಾತು ಬರೆಯದಿದ್ದರೆ ಲೇಖನ ಅರ್ಧವಾದೀತು. ಫೆಬ್ರವರಿಯಲ್ಲಿ ಪಕ್ಕದ ಊರಿನ ಇಪ್ಪತ್ತು ಮಂದಿ ಕೃಷಿಕರು ಕಟ್ಟ ನೋಡಲು ಬಂದರು. ನಾನು ಶೀಟು ತೋರಿಸಿದೆ, ಕಣಿ ವಿವರಿಸಿದೆ, ಸಮ್ಮೇಳನದ ಕಥೆ ಹೇಳಿದೆ. ಫೋಟೋ ತೆಗೆದರು. ಶಾಲು ಹೊದಿಸಿದರು. ಅವರೆಲ್ಲ ಹೋದ ಮೇಲೆ ಮನೆಯವಳು ಕೇಳಿದಳು: "ಅಕ್ಕನನ್ನು ಕರೀಲಿಲ್ವಾ?" ಅಕ್ಕ ಆ ದಿನ ಇನ್ನೂರು ಅಡಿ ದೂರದಲ್ಲಿ ಅಡಿಕೆ ಹೆಕ್ಕುತ್ತಿದ್ದರು.

ಎಚ್‌ಎಂಟಿ ಅಕ್ಕಿ ಗೊತ್ತಲ್ಲ? ಅದನ್ನು ಆರಿಸಿ ಬೆಳೆಸಿದವರು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ನಾಂದೇಡ್ ಎಂಬ ಹಳ್ಳಿಯ ಸಣ್ಣ ರೈತ ದಾದಾಜಿ ಖೋಬ್ರಾಗಡೆ. ಓದಿದ್ದು ಮೂರನೇ ತರಗತಿ, ಇದ್ದದ್ದು ಒಂದೂವರೆ ಎಕರೆ. 1983ರಲ್ಲಿ ತಮ್ಮ ಗದ್ದೆಯ ಪಟೇಲ್ 3 ತಳಿಯ ನಡುವೆ ಬೇರೆ ಥರ ಕಂಡ ಮೂರು ತೆನೆಗಳನ್ನು ತೆಗೆದಿಟ್ಟು ವರ್ಷ ವರ್ಷ ಬಿತ್ತಿ ನೋಡಿದರು. 1990ರಲ್ಲಿ ಬೀಜ ಕೊಂಡ ವ್ಯಾಪಾರಿ ಆಗ ಜನಪ್ರಿಯವಾಗಿದ್ದ ಕೈಗಡಿಯಾರದ ಹೆಸರನ್ನು ಅದಕ್ಕೆ ಇಟ್ಟ. ಹಾಗೆ ಒಬ್ಬ ಬಡ ರೈತ ಕಂಡುಹಿಡಿದ ಅಕ್ಕಿ ಬೆಂಗಳೂರಿನ ಗಡಿಯಾರ ಕಂಪೆನಿಯ ಹೆಸರಿನಲ್ಲಿ ದೇಶವಿಡೀ ಅನ್ನವಾಯಿತು. ಆಮೇಲೆ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಅವರನ್ನು ಗುರುತಿಸಿತು, ಪ್ರಶಸ್ತಿ ಬಂತು. 2018ರಲ್ಲಿ ತೀರಿಕೊಂಡರು. ನಂತರದ ಒಂದು ತಳಿಗೆ ಅವರು ಡಿಆರ್‌ಕೆ ಎಂದು ತಮ್ಮದೇ ಹೆಸರಿನ ಅಕ್ಷರ ಇಟ್ಟರು. ಯಾಕೆ ಇಟ್ಟರೆಂದು ನನಗೆ ಆ ಫೆಬ್ರವರಿಯ ಸಂಜೆ ಅರ್ಥವಾಯಿತು.

ಮರುದಿನ ಹೋಗಿ ಅಕ್ಕನಲ್ಲಿ ತಪ್ಪಾಯಿತೆಂದೆ. ಈ ಲೇಖನದಲ್ಲಿ ಹೆಸರು ಹಾಕಲೇ ಎಂದೂ ಕೇಳಿದೆ. "ಪೇಪರಿಗೆಲ್ಲ ಬೇಡ, ಮೀಟಿಂಗಿಗೆ ಕರೀರಿ ಸಾಕು. ಆದ್ರೆ ಹೊತ್ತು ಮುಂಚೆ ಹೇಳಿ, ಮೂರು ಗಂಟೆಗೆ ಇಟ್ರೆ ನಮ್ಗೆ ಅರ್ಧ ದಿನದ ಸಂಬಳ ಹೋಗ್ತದೆ" ಎಂದರು. ಅದನ್ನೂ ನಾವು ಯೋಚಿಸಿರಲಿಲ್ಲ.

ಹಾಗಾಗಿ ಮುಂದಿನ ಸಭೆ ಕೆಲಸ ಬಿಡುವ ಹೊತ್ತಿಗೆ, ಸಂಜೆ ಐದಕ್ಕೆ, ಅದೇ ಪಂಪುಶೆಡ್ಡಿನ ಬಳಿ. ಚಾ ನಮ್ಮ ಮನೆಯದ್ದು. ಕೂರಲು ಎಲ್ಲರಿಗೂ ಒಂದೇ ಬಗೆಯ ಚಾಪೆ ತರಲು ಮಾವನಿಗೆ ಹೇಳಿದ್ದೇನೆ. ಪ್ರಶ್ನೆಯನ್ನು ಈ ಸಲ ಅಕ್ಕನೇ ಕೊಟ್ಟಿದ್ದಾರೆ: ಗೋಣಿ ಹೊರುವುದನ್ನು ಅರ್ಧಕ್ಕೆ ಇಳಿಸುವುದು ಹೇಗೆ? ಹುಣಸೆ ಬೀಜ ತೊಳೆದು ಒಣಗಿಸಿ ಇಟ್ಟಾಗಿದೆ.